ಮೂಗಿನೊಳಗೊಂದು ಬಲೂನು

2024 ಜನವರಿ 20, ಶನಿವಾರ

ಇವತ್ತು ಮನೆಯಲ್ಲಿ ದೀಪ ಹಚ್ಚಲೇ ಇಲ್ಲ. ಹೊರಗೆ ಕಾಚಿಗೂಡದ ತುಂಬ ಬಿಸಿಲು, ಒಳಗೆ ನಾವು ಗಂಡ ಹೆಂಡತಿ ಕಿಟಕಿ ಮುಚ್ಚಿಕೊಂಡು ಕತ್ತಲಲ್ಲಿ. ಭಾಗ್ಯಶ್ರೀ ಹಣೆಗೆ ಒದ್ದೆ ಬಟ್ಟೆ ಬಿಗಿದುಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಕುಕ್ಕರಿನ ಸೀಟಿ ಅವಳಿಗೆ ಆಗುವುದಿಲ್ಲ ಅಂತ ಬೋಗುಣಿಯಲ್ಲೇ ಅನ್ನಕ್ಕಿಟ್ಟೆ. ತಳ ಹಿಡಿಯಿತು. ಆ ವಾಸನೆಗೆ ಅವಳಿಗೆ ವಾಂತಿ ಬಂತು. ಅನ್ನ ಯಾರೂ ತಿನ್ನಲಿಲ್ಲ.

ದಸರಾ ರಜೆ ಮುಗಿದ ಮೇಲೆ ಅವಳು ಶಾಲೆಗೆ ಹೋಗಿಲ್ಲ. ದಿನವಿಡೀ ಮಕ್ಕಳಿಗೆ ಹಿಂದಿ ಕಲಿಸಿ, ಮನೆಗೆ ಬಂದ ಮೇಲೂ ಬಾಯಿಗೆ ಬಿಡುವು ಕೊಡದವಳು. ಈಗ ಕೇಳಿದ್ದಕ್ಕೆ ಮಾತ್ರ ಉತ್ತರ. ನೋವು ಎಡಗಣ್ಣಿನ ಮೇಲಿಂದ ಶುರುವಾಗುತ್ತದೆ, ಅದೇ ಕಡೆ ಮೂಗೂ ಕಟ್ಟುತ್ತದೆ. ಸ್ಕ್ಯಾನ್ ಮಾಡಿಸಿದ್ದಾಯಿತು. ಏನೂ ಇಲ್ಲ ಅಂದರು. ಆ ‘ಏನೂ ಇಲ್ಲ’ ಅನ್ನುವುದೇ ನನ್ನನ್ನು ತಿನ್ನುತ್ತಿದೆ. ಫ್ಯಾಕ್ಟರಿಯಲ್ಲಿ ಪ್ರೆಶರ್ ಗೇಜು ಸರಿಪಡಿಸುವುದು ನನ್ನ ಕೆಲಸ. ತಪ್ಪು ತೋರಿಸುವ ಗೇಜು ಮೇಜಿಗೆ ಬಂತೆಂದರೆ ಬಿಚ್ಚಿ ನೋಡುತ್ತೇನೆ, ಕೆಟ್ಟ ಜಾಗ ಸಿಕ್ಕೇ ಸಿಗುತ್ತದೆ. ಏನೂ ಇಲ್ಲದೆ ಯಾವುದೂ ಕೆಡುವುದಿಲ್ಲ.

"ಈಗ ಹೆಂಗೈತಿ?" ಅಂತ ಮಧ್ಯಾಹ್ನದಿಂದ ಎಷ್ಟು ಸಲ ಕೇಳಿದೆನೋ.

"ಆರಾಮ ಐತಿ," ಅಂದಳು.

ಆರಾಮ ಇದ್ದರೆ ಎದ್ದು ಕೂಡಬೇಕಲ್ಲ.

ಜನವರಿ 24, ಬುಧವಾರ

ಕೆಲಸದ ಮೇಜಿನ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದೆ. ಲಿಂಗಣ್ಣ ಎಬ್ಬಿಸಿದ. ನಮ್ಮ ಸೆಕ್ಷನ್ನಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ, ಅವನಿಗೆ ಎಲ್ಲ ಗೊತ್ತು. ಮಾದಾಪುರದಲ್ಲಿ ಒಬ್ಬ ಕೈರೋಪ್ರಾಕ್ಟರ್ ಇದ್ದಾರಂತೆ. ಬೆನ್ನು, ಕುತ್ತಿಗೆಯ ಎಲುಬನ್ನು ಕೈಯಿಂದ ಒತ್ತಿ ಸರಿ ಮಾಡುವವರು. ತಲೆನೋವಿಗೆ ಇನ್ನೇನೋ ಬೇರೆ ಮಾಡುತ್ತಾರಂತೆ, ಮೂಗಿನ ಒಳಗಿಂದ.

"ಮೂಗಿನಾಗಿಂದ ಏನ್ ಮಾಡ್ತಾರೋ?" ಅಂದೆ.

"ನನಗೇನ್ ಗೊತ್ತು? ಹೋಗಿ ಕೇಳು. ಧಾರವಾಡ ಕಡಿಯವ್ರು, ಕನ್ನಡದಾಗ ಮಾತಾಡ್ತಾರ."

ಸಂಜೆ ಭಾಗ್ಯಾಗೆ ಹೇಳಿದೆ. "ನೀವು ಹೆಂಗಂತೀರಿ ಹಂಗ," ಅಂದಳು.

ಜನವರಿ 27, ಶನಿವಾರ

ಇವತ್ತಿನದು ಪೂರಾ ಬರೆಯಬೇಕು.

ನಾರಾಯಣಗುಡದಲ್ಲಿ ಮೆಟ್ರೊ ಹತ್ತಿ, ಪರೇಡ್ ಗ್ರೌಂಡ್‌ನಲ್ಲಿ ಬದಲಿಸಿ ಮಾದಾಪುರಕ್ಕೆ ಹೋದೆವು. ಭಾಗ್ಯಾ ದಾರಿಯುದ್ದಕ್ಕೂ ಸೆರಗು ಕಣ್ಣ ಮೇಲೆ ಎಳೆದುಕೊಂಡಿದ್ದಳು. ಎದುರಿಗಿದ್ದ ಹುಡುಗಿ ಎದ್ದು ಜಾಗ ಕೊಟ್ಟಳು. ಕ್ಲಿನಿಕ್ಕು ಗಾಜಿನ ಕಟ್ಟಡದ ಮೂರನೇ ಮಹಡಿಯಲ್ಲಿ. ಕಾಯುತ್ತ ಕೂತವರೆಲ್ಲ ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ ಹಾಕಿಕೊಂಡ ಹುಡುಗರು, ಕುತ್ತಿಗೆ ನೋವಿನವರು. ನಮ್ಮ ವಯಸ್ಸಿನವರು ನಾವೇ.

ಡಾಕ್ಟರ ಹೆಸರು ದೀಪಕ. ನಲವತ್ತು ಇರಬಹುದು, ಮೆತ್ತಗಿನ ದನಿ. "ಅಕ್ಕಾರ, ಏನ್ ಆಗ್ತೈತಿ ನೀವ ಹೇಳ್ರಿ, ನಿಧಾನಕ್ಕ ಹೇಳ್ರಿ," ಅಂದರು. ಅಷ್ಟಕ್ಕೇ ಭಾಗ್ಯಾ ಅಳಲಿಕ್ಕೆ ಶುರು ಮಾಡಿದಳು. ಇಷ್ಟು ದಿನ ತೆಲುಗಿನಲ್ಲಿ ಹಿಂದಿಯಲ್ಲಿ ಎಷ್ಟು ಜನಕ್ಕೆ ಹೇಳಿದ್ದೇವೆ. ಹಿಂದಿ ಅವಳ ಅನ್ನದ ಭಾಷೆ, ಆದರೂ ನೋವು ಹೇಳಿಕೊಳ್ಳಲಿಕ್ಕೆ ಅದು ಸಾಲಲಿಲ್ಲವೇನೋ. "ಕಣ್ಣಿನ ಹಿಂದ ಯಾರೋ ಹಗ್ಗ ಹಾಕಿ ಜಗ್ಗಿದಂಗ ಆಗ್ತೈತ್ರಿ," ಅಂದಳು. ನನಗೆ ಒಮ್ಮೆಯೂ ಹಾಗೆ ಹೇಳಿರಲಿಲ್ಲ.

ಡಾಕ್ಟರು ಒಂದು ಪ್ಲಾಸ್ಟಿಕ್ ತಲೆಬುರುಡೆ ತಂದು ನನ್ನ ಕೈಗೆ ಕೊಟ್ಟರು. ಒಂದೊಂದು ಎಲುಬಿಗೆ ಒಂದೊಂದು ಬಣ್ಣ, ಎಳೆದರೆ ಬೇರೆ ಬೇರೆಯಾಗಿ ಬಿಚ್ಚಿಕೊಳ್ಳುತ್ತದೆ. ತಲೆ ಒಂದೇ ಎಲುಬಲ್ಲ, ಹಲವು ಎಲುಬು ಸೇರಿದ್ದು. ಅವು ಬಿಗಿದುಕೊಂಡರೆ ನೋವು ಬರುತ್ತದೆ. ಮೂಗಿನ ಒಳಗೆ ಸಣ್ಣ ರಬ್ಬರ್ ಬಲೂನು ಇಟ್ಟು ಒಂದು ಕ್ಷಣ ಉಬ್ಬಿಸಿದರೆ ಅವು ಸಡಿಲಾಗಿ ತಮ್ಮ ಜಾಗಕ್ಕೆ ಬರುತ್ತವೆ. ಅವರು ಹೇಳಿದ್ದು ಹೀಗೆ. ಎಲ್ಲರಿಗೂ ಗುಣ ಆಗುತ್ತದೆ ಅನ್ನಲಿಲ್ಲ, ಭಾಳ ಮಂದಿಗೆ ಆಗಿದೆ ಅಂದರು.

ಬುರುಡೆಯ ಜೋಡಣೆಗಳನ್ನು ಬೆರಳಿಂದ ಮುಟ್ಟಿ ನೋಡಿದೆ. ಇಷ್ಟು ತಿಂಗಳಲ್ಲಿ ಮೊದಲ ಸಲ ಯಾರೋ ಒಬ್ಬರು ಕೆಟ್ಟ ಜಾಗವನ್ನು ನನ್ನ ಕೈಯಲ್ಲಿ ಇಟ್ಟು ತೋರಿಸಿದರು.

ವಾಪಸು ಬರುವಾಗ ನಾನೇ ಮಾತಾಡಿದೆ. ಅವಳು ಕಣ್ಣು ಮುಚ್ಚಿದ್ದಳು.

ಫೆಬ್ರವರಿ 1, ಗುರುವಾರ

ಒಂದರ ಹಿಂದೊಂದು ನಾಲ್ಕು ದಿನ ಮಾಡಬೇಕಂತೆ. ಇವತ್ತು ಮೊದಲನೆಯದು.

ಬಿ.ಪಿ. ನೋಡುವಾಗ ಒತ್ತುತ್ತಾರಲ್ಲ, ಅಂಥ ರಬ್ಬರ್ ಉಂಡೆ. ಅದಕ್ಕೊಂದು ನಳಿಕೆ, ನಳಿಕೆಯ ತುದಿಗೆ ಕಿರುಬೆರಳಿನಷ್ಟು ಬಲೂನು. ಜಾರುವ ಮದ್ದು ಸವರಿ ಮೂಗಿನೊಳಗೆ ಸರಿಸಿದರು. "ಉಸಿರು ಹಿಡೀರಿ ಅಕ್ಕಾರ," ಅಂದು ಒತ್ತಿದರು. ಭಾಗ್ಯಾಳ ಎರಡೂ ಕಾಲು ಮೇಲೆದ್ದವು. ಒಳಗೆಲ್ಲೋ ಠಕ್ ಅಂದದ್ದು ದೂರ ನಿಂತ ನನಗೂ ಕೇಳಿಸಿತು. ಕಣ್ಣಿಂದ ನೀರು ಧಾರೆ. ಮತ್ತೆ ಇನ್ನೊಂದು ಹೊಳ್ಳೆ. ಅವಳ ಕೈ ಹಿಡಿದುಕೊಂಡಿದ್ದೆ, ಉಗುರು ಊರಿದ ಗುರುತು ಇನ್ನೂ ಇದೆ.

"ಹೆಂಗಾತು?" ಅಂದೆ.

ನನ್ನ ಮುಖ ನೋಡಿದಳು. "ಹಗರ ಆತ್ರಿ," ಅಂದಳು.

ಹಗುರ ಆಯಿತು ಅಂದಳು! ಠಕ್ ಅಂದದ್ದು ಎಲುಬು ಜಾಗಕ್ಕೆ ಕೂತದ್ದೇ ಇರಬೇಕು.

ಫೆಬ್ರವರಿ 4, ಭಾನುವಾರ

ನಾಲ್ಕನೆಯ ದಿನ. ಭಾಗ್ಯಾ ಕ್ಲಿನಿಕ್ಕಿನ ಮೇಜಿನ ಮೇಲೆ ಎದ್ದು ಕೂತು ಎಡ ಹೊಳ್ಳೆಯಿಂದ ಉದ್ದಕ್ಕೆ ಉಸಿರೆಳೆದಳು. "ಬಿಟ್ಟೈತ್ರಿ," ಅಂದಳು. ಡಾಕ್ಟರು ಮಗುವಿನ ಹಾಗೆ ಕೈ ತಟ್ಟಿದರು. ಬರುತ್ತ ಮೆಟ್ರೊದಲ್ಲಿ ಸೆರಗು ಸರಿಸಿ ಹೊರಗೆ ನೋಡಿದಳು, ಬೇಗಂಪೇಟೆ ದಾಟುವಾಗ ಏನೋ ಬೋರ್ಡು ಓದಿದಳು ಕೂಡ.

ಮಧ್ಯಾಹ್ನ ರೊಟ್ಟಿ ತಾನೇ ಬಡಿದಳು. ನಾನು ಬೇಡ ಅಂದರೂ ಕೇಳಲಿಲ್ಲ. ಎಷ್ಟು ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ. ಲಿಂಗಸುಗೂರಿಗೆ ಫೋನ್ ಮಾಡಿ ಅವಳ ಅಕ್ಕ ಶರಣಬಸಮ್ಮಗೆ ಹೇಳಿದೆ, "ಗುಣ ಆತ್ರಿ ಅಕ್ಕಾರ." ಅವರು ಫೋನಿನಲ್ಲೇ ಅತ್ತರು. ಭಾಗ್ಯಾಗೆ ಕೊಡ್ರಿ ಅಂದರು. ಅಷ್ಟರಲ್ಲಿ ಅವಳು ಹೋಗಿ ಮಲಗಿದ್ದಳು.

ಫೆಬ್ರವರಿ 9, ಶುಕ್ರವಾರ

ಆರಾಮ ಅಂದಳು. ಊಟ ಮಾಡಲಿಲ್ಲ.

ಫೆಬ್ರವರಿ 20, ಮಂಗಳವಾರ

ಫ್ಯಾಕ್ಟರಿಯಿಂದ ಎರಡು ಸಲ ಫೋನ್ ಮಾಡಿದೆ. ಎರಡೂ ಸಲ ಆರಾಮ. ಸಂಜೆ ಬಂದರೆ ಬಚ್ಚಲಿನಲ್ಲಿ ನಲ್ಲಿ ಜೋರಾಗಿ ಬಿಟ್ಟಿತ್ತು. ಬಾಗಿಲು ಬಡಿದೆ. ಹೊರಗೆ ಬಂದವಳ ಮುಖ ಗೋಡೆಯ ಸುಣ್ಣದ ಹಾಗಿತ್ತು, ಬಾಯಿ ಒರೆಸಿಕೊಳ್ಳುತ್ತಿದ್ದಳು.

"ವಾಂತಿ ಆತೇನು?"

"ಇಲ್ರಿ, ಮುಖ ತೊಳಕೊಂಡೆ."

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ. ಅಷ್ಟು ದೂರ ಹೋಗಿ, ಅಷ್ಟು ನೋವು ತಿಂದು, ಕೂತ ಎಲುಬು ಮತ್ತೆ ಸರಿದಿದೆ ಅಂದರೆ? ಕೆಲವರಿಗೆ ಎರಡನೇ ಸುತ್ತು ಬೇಕಾಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಫೋನ್ ಮಾಡಿದೆ. ಮಾರ್ಚ್ ನಡುವಿಗೆ ಬರ್ರಿ, ಅಷ್ಟರಾಗ ಮೂಗು ಒಳಗ ಮಾಯ್ಲಿ ಅಂದರು.

ಮಾಯುವಂಥದ್ದು ಏನಾಗಿತ್ತು ಅಂತ ಕೇಳಬೇಕಿತ್ತು. ಕೇಳಲಿಲ್ಲ, ದಣಿದಿದ್ದೆ.

ಮಾರ್ಚ್ 8, ಶುಕ್ರವಾರ

ಶಿವರಾತ್ರಿ. ಉಪವಾಸ ಇಬ್ಬರದೂ, ಅವಳದು ಹಬ್ಬಕ್ಕಲ್ಲ.

ಶಾಲೆಯ ಹೆಡ್ ಮಿಸ್ ಗುಣವತಿ ಫೋನ್ ಮಾಡಿದ್ದರು. ಅವರೂ ಕನ್ನಡದವರೇ, ಕೆಲಸ ಇಷ್ಟು ದಿನ ಕಾದಿರಿಸಿದ್ದಾರೆ. ಬರುವ ವರ್ಷಕ್ಕೆ ಬರುತ್ತೀರೋ ಇಲ್ಲವೋ, ಬೇಸಿಗೆ ರಜೆಗೆ ಶಾಲೆ ಮುಚ್ಚುವುದರೊಳಗೆ ಹೇಳಿ ಅಂದರಂತೆ. ಭಾಗ್ಯಾ ಫೋನನ್ನು ದಿಂಬಿನ ಕೆಳಗೆ ಇಟ್ಟು, "ಹಿಂದಿ ಅಕ್ಷರ ನೋಡಿದ್ರ ಹುಳ ಹರದಾಡಿದಂಗ ಕಾಣ್ತಾವ್ರಿ," ಅಂದಳು.

"ಎರಡನೇ ಸುತ್ತು ಆಗ್ಲಿ, ಎಲ್ಲಾ ಸರಿ ಆಗ್ತೈತಿ," ಅಂದೆ.

ಚಾದರ ಎಳೆದುಕೊಂಡಳು. ಅವಳ ಕೋಣೆಯಲ್ಲಿ ಕೂಡಲಿಕ್ಕೆ ನನ್ನಿಂದ ಆಗುವುದಿಲ್ಲ. ಕತ್ತಲು, ಸದ್ದಿಲ್ಲ, ಕೈಗೆ ಕೆಲಸ ಇಲ್ಲ. ಹೋಗುತ್ತೇನೆ, ಹೇಗಿದ್ದೀ ಅಂತ ಕೇಳುತ್ತೇನೆ, ಬರುತ್ತೇನೆ. ತಿರುಗಿ ಹೋಗುತ್ತೇನೆ.

ಮಾರ್ಚ್ 14, ಗುರುವಾರ

ಎರಡನೇ ಸುತ್ತು ಶುರು. ಇವತ್ತು ನನ್ನನ್ನು ಒಳಗೆ ಬಿಡಲಿಲ್ಲ. ಮುಂದಿನ ಮೇಜಿನ ಹುಡುಗಿ ಲಹರಿ, "ಅಂಕಲ್, ಆಂಟೀನೇ ಹೇಳಿದ್ರು, ನೀವು ಇಲ್ಲೇ ಕೂತಿರಬೇಕಂತೆ," ಅಂದಳು. ಬಾಗಿಲು ದಪ್ಪ, ಏನೂ ಕೇಳಿಸುವುದಿಲ್ಲ. ಕೈ ಹಿಡಿಯಲಿಕ್ಕೆ ಅಂತಲೇ ರಜಾ ಹಾಕಿ ಬಂದವನು ಗಾಜಿನ ಹೊರಗೆ ಹೋಗಿ ಬರುವ ಕಾರು ನೋಡುತ್ತ ಕೂತೆ.

ಹೊರಗೆ ಬಂದಾಗ "ಯಾಕ?" ಅಂತ ಕೇಳಿದೆ.

"ಸುಮ್ನ," ಅಂದಳು.

ಮನಸ್ಸಿಗೆ ಚುರುಕ್ ಅಂತು. ಬರೆದು ಮುಗಿಸುತ್ತೇನೆ.

ಮಾರ್ಚ್ 16, ಶನಿವಾರ

ಬೇಗಂಪೇಟೆ ಸ್ಟೇಷನ್ನಿನಲ್ಲಿ ಇವತ್ತು ಆದದ್ದು.

ಕ್ಲಿನಿಕ್ಕಿನಲ್ಲಿ ಮುಗಿದಾಗಲೇ ಹತ್ತಿಗೆ ಸ್ವಲ್ಪ ರಕ್ತ ಹತ್ತಿತ್ತು. ಹೀಗಾಗುವುದುಂಟು, ನಿಲ್ಲುತ್ತದೆ ಅಂತ ಸ್ವಲ್ಪ ಹೊತ್ತು ಕೂಡಿಸಿಕೊಂಡು ಕಳಿಸಿದರು. ಅಮೀರ್‌ಪೇಟೆ ದಾಟಿದ ಮೇಲೆ ಭಾಗ್ಯಾ ಕರವಸ್ತ್ರ ತೆಗೆದಳು. ನೋಡುತ್ತಿದ್ದ ಹಾಗೆ ಅದು ಕೆಂಪಾಯಿತು. ಆಮೇಲೆ ಸೆರಗು. ಬಿಳಿ ನೆಲದ ಮೇಲೆ ಟಪ್ ಟಪ್ ಬಿತ್ತು. ಜನ ಎದ್ದು ದೂರ ಸರಿದರು. ಬೇಗಂಪೇಟೆಯಲ್ಲಿ ಬಾಗಿಲು ತೆರೆದ ಕೂಡಲೇ ಇಳಿಸಿದೆ.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂಡಿಸಿ ತಲೆ ಹಿಂದಕ್ಕೆ ಹಿಡಿಯಲಿಕ್ಕೆ ಹೋದೆ. ಅಲ್ಲಿನ ಗಾರ್ಡ್ ಹೆಂಗಸು ಓಡಿ ಬಂದು, "ಅಲಾ ಕಾದು, ಮುಂದುಕು ವಂಚಂಡಿ," ಅಂತ ಗದರಿಸಿ ತಲೆ ಮುಂದಕ್ಕೆ ಬಗ್ಗಿಸಿದಳು. ಮೂಗಿನ ಮೆತ್ತಗಿನ ಭಾಗ ಬಿಗಿಯಾಗಿ ಒತ್ತಿ ಹಿಡಿದಳು, ನೀರು ತರಿಸಿದಳು. ಎಷ್ಟು ಹೊತ್ತಾಯಿತೋ. ನಮ್ಮ ಮುಂದೆ ರೈಲು ಬಂದವು, ಹೋದವು. ಕೊನೆಗೆ ನಿಂತಿತು.

ನಾನು ಕೇಳಿದೆ. ಬಾಯಿಗೆ ಬೇರೇನೂ ಬರಲಿಲ್ಲ, ಅದನ್ನೇ ಕೇಳಿದೆ. "ಈಗ ಹೆಂಗೈತಿ?"

"ನೋವು ಹೋಗೇ ಇಲ್ರಿ," ಅಂದಳು.

"ಯಾವಾಗಿಂದ ಬಂತು?"

"ಹೋಗೇ ಇಲ್ಲ ಅಂದೆ. ಆ ನಾಕನೇ ದಿನ ಮೂಗು ಬಿಟ್ಟಿತ್ತು, ಅದು ಖರೆ. ತಲಿ ಹಂಗ ಇತ್ತು."

"ಮತ್ತ ಹಗರ ಆತು ಅಂದಿ? ರೊಟ್ಟಿ ಬಡದಿ?"

"ನಿಮ್ಮ ಮುಖ ನೋಡಿ ಅಂದೆ." ಮೂಗಿನಲ್ಲಿ ಹತ್ತಿ, ಮಾತು ಗೊಣಗೊಣ ಬರುತ್ತಿತ್ತು. "ನಾ ಆರಾಮ ಅಂದ ದಿನ ನೀವು ಎರಡು ರೊಟ್ಟಿ ಜಾಸ್ತಿ ತಿಂತಿದ್ರಿ. ಇಲ್ಲಂದ್ರ ಮನಿ ತುಂಬ ಅಡ್ಡಾಡ್ತಿದ್ರಿ. ನನ್ನ ನೋವು ತಾಳಕೋಬಹುದು, ನಿಮ್ಮ ಅಡ್ಡಾಟ ಆಗ್ತಿರ್ಲಿಲ್ಲ."

ನಾನು ಕೆಂಪಾದ ಕರವಸ್ತ್ರ ಮಡಿಚಿದೆ.

"ಅಲ್ಲಿ ಒಳಗ ನಾ ಒದರ್ತೀನ್ರಿ. ಮೊದಲ ಸಲ ನೀವಿದ್ರಿ, ಒದರಾಕ ಆಗ್ಲಿಲ್ಲ. ಅದಕ್ಕ ಹೊರಗ ಕೂಡಿಸ್ರಿ ಅಂದೆ. ನಾಳಿ ಬರೂದಿಲ್ಲ ನಾ. ಬೈರಿ ಬೇಕಾರ."

"ಇನ್ನೊಂದ ಸಲ ಐತೆಲ್ಲ, ಅರ್ಧಕ್ಕ ಬಿಟ್ರ..." ಅಂದೆ. ಇದನ್ನೂ ಬರೆಯುತ್ತಿದ್ದೇನೆ. ರಕ್ತದ ಸೆರಗು ಎದುರಿಗಿದ್ದರೂ ಅಂದೆ.

ಅವಳು ನನ್ನನ್ನು ನೋಡಿದ ಬಗೆ! ಸಿಟ್ಟಲ್ಲ. "ನಾ ನಿಮ್ಮ ಮೇಜಿಗೆ ಬಂದ ಗೇಜ್ ಅಲ್ರಿ," ಅಂದಳು.

ಗಾರ್ಡ್ ಹೆಂಗಸು ಕೆಳಗೆ ಆಟೊದವರೆಗೆ ಬಂದು ಬಿಟ್ಟಳು. ಅವಳ ಹೆಸರು ಕೇಳಲಿಲ್ಲ.

ಮಾರ್ಚ್ 17, ಭಾನುವಾರ

ಡಾಕ್ಟರಿಗೆ ಫೋನ್ ಮಾಡಿದೆ. ರಕ್ತದ ವಿಷಯ ಕೇಳಿ ಗಾಬರಿಯಾದರು, ಕೂಡಲೇ ಕಿವಿ-ಮೂಗಿನ ಡಾಕ್ಟರಿಗೆ ತೋರಿಸಿ ಅಂದರು.

"ಇವತ್ತ ಬರೂದಿಲ್ರಿ. ಇನ್ನ ಬರೂದಿಲ್ಲ," ಅಂದೆ.

"ಅಕ್ಕಾರ ಬ್ಯಾಡ ಅಂದ್ರೇನು?"

"ಹೌದ್ರಿ."

"ಹಂಗಿದ್ರ ಬ್ಯಾಡ. ನನ್ನ ಕಡಿಂದ ಗುಣ ಆದವ್ರನ್ನ ನೋಡೀನಿ ಗುರುಶಾಂತ ಅವ್ರ. ಆಗ್ಲಾರದವ್ರು ತಿರುಗಿ ಬರೂದಿಲ್ಲ, ಅವ್ರು ಏನಾದ್ರು ಅಂತ ನನಗ ಗೊತ್ತಾಗೂದೂ ಇಲ್ಲ," ಅಂದರು.

ಒಳ್ಳೆಯ ಮನುಷ್ಯ. ಅವರ ಮೇಲೆ ಕೂಗಾಡಬೇಕು ಅಂತ ಫೋನ್ ಹಿಡಿದಿದ್ದೆ. ಆಗಲಿಲ್ಲ. ಅಷ್ಟು ಶಕ್ತಿಯೂ ಉಳಿದಿಲ್ಲ.

ಮಾರ್ಚ್ 21, ಗುರುವಾರ

ಮೂಗು ನೋಡಿದ ಡಾಕ್ಟರು ಒಳಚರ್ಮ ಹರಿದಿದೆ, ಮಾಯುತ್ತದೆ ಅಂದು ದೊಡ್ಡಾಸ್ಪತ್ರೆಯ ನರರೋಗದ ಡಾಕ್ಟರ ಹತ್ತಿರ ಕಳಿಸಿದ್ದರು. ಅಲ್ಲಿ ಕಾದು ಕಾದು ಬೆನ್ನು ಬಿದ್ದುಹೋಯಿತು. ಒಳಗೆ ವಯಸ್ಸಾದ ಹೆಂಗಸು, ಮಾತು ಕಡಿಮೆ. ಪ್ರಶ್ನೆ ಕೇಳಿದ ಕೂಡಲೇ ರೂಢಿಯಂತೆ ನಾನು ಬಾಯಿ ತೆರೆದೆ. "ಆಪ್ ರುಕಿಯೇ," ಅಂತ ಕೈ ಅಡ್ಡ ಹಿಡಿದರು. "ನೋವು ಯಾರದೋ ಅವರು ಹೇಳಲಿ."

ಭಾಗ್ಯಾ ಹೇಳಿದಳು. ನೋವಿನ ಗುಳಿಗೆ ಎಷ್ಟು ಅಂದಾಗ ನಿಂತು ಯೋಚಿಸಿದಳು. ದಿನಾ. ಕೆಲವು ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ನೋವು ಬರುವ ಮೊದಲೇ ಒಂದು, ಬಂದೀತು ಅಂತ.

ಇದು ಅರೆತಲೆಶೂಲೆಯೇ, ಆದರೆ ದಿನಾ ತಿಂದ ಗುಳಿಗೆಯೇ ಈಗ ದಿನಾ ನೋವು ತರುತ್ತಿದೆ ಅಂದರು. ಎಲ್ಲ ನಿಲ್ಲಿಸಬೇಕು. ರಾತ್ರಿ ಒಂದು ಬೇರೆ ಮಾತ್ರೆ ಬರೆದುಕೊಟ್ಟರು, ಅದು ಕೆಲಸ ಮಾಡಲಿಕ್ಕೆ ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ನೋವು ಈಗಿನದಕ್ಕಿಂತ ಹೆಚ್ಚಾಗುತ್ತದೆ, ತಾಳಿಕೊಳ್ಳಬೇಕು. ಪೂರ್ತಿ ಹೋಗುತ್ತದೆ ಅಂತ ಹೇಳುವುದಿಲ್ಲ, ಕಡಿಮೆಯಾಗಬಹುದು.

ಬಲೂನಿನ ವಿಷಯ ನಾನೇ ಎತ್ತಿದೆ. ದೊಡ್ಡವರ ತಲೆಯ ಎಲುಬು ಒಂದಕ್ಕೊಂದು ಬೆಸೆದಿರುತ್ತವೆ, ಗಾಳಿಗೆ ಸರಿಯುವುದಿಲ್ಲ, ಮತ್ತೆ ಹಾಗೆ ಮಾಡಿಸಬೇಡಿ ಅಂದರು. ಅಷ್ಟೇ. ಬೈಯಲಿಲ್ಲ, ಹೊರಗೆ ಭಾಳ ಮಂದಿ ಕಾದಿದ್ದರು.

ಹಾಗಾದರೆ ಆ ಠಕ್ ಅಂದದ್ದು ಏನು? ಇನ್ನೂ ಅದೇ ತಲೆಯಲ್ಲಿ ಸುತ್ತುತ್ತಿದೆ.

ಮಾರ್ಚ್ 25, ಸೋಮವಾರ

ಹೋಳಿ. ಗುಳಿಗೆ ಬಿಟ್ಟ ಮೇಲೆ ಇಂಥ ದಿನ ಇದೇ ಮೊದಲು. ಓಣಿಯಲ್ಲಿ ಬೆಳಿಗ್ಗೆಯೇ ಸ್ಪೀಕರು, ತಮಟೆ. ಗೋಡೆ ನಡುಗುತ್ತಿತ್ತು. ಭಾಗ್ಯಾ ದಿಂಬನ್ನು ತಲೆಗೆ ಒತ್ತಿ ಹಿಡಿದು ಹಿಂದೆ ಮುಂದೆ ತೂಗುತ್ತಿದ್ದಳು. "ಒಂದೇ ಒಂದು ಗುಳಿಗಿ ಕೊಡ್ರಿ," ಅಂದಳು. ಇಷ್ಟು ವರ್ಷದಲ್ಲಿ ಅವಳು ನನ್ನ ಹತ್ತಿರ ಏನನ್ನೂ ಹಾಗೆ ಬೇಡಿಲ್ಲ. ಮನೆಯಲ್ಲಿ ಇರಲಿಲ್ಲ, ಎಲ್ಲ ಚೆಲ್ಲಿದ್ದಳು, ತಾನೇ. ಮೆಡಿಕಲ್ ಶಾಪ್ ಎದುರಿಗೇ ಇದೆ.

ಕೆಳಗೆ ಇಳಿದೆ. ಹುಡುಗರಿಗೆ ಕೈ ಮುಗಿದೆ. ಅವರು ಮಾತು ಕೇಳುವ ಮೊದಲೇ ಮುಖಕ್ಕೆ ಬಣ್ಣ ಬಳಿದರು. ಮೇಲೆ ಹೆಂಗಸಿಗೆ ಹುಷಾರಿಲ್ಲ ಅಂತ ತೆಲುಗಿನಲ್ಲಿ ಹೇಳುತ್ತಲೇ ಇದ್ದೆ, ಮುಚ್ಚಿದ ಕಿಟಕಿ ತೋರಿಸಿದೆ. ಆಗ ಒಬ್ಬ ನೋಡಿದ. ಸ್ಪೀಕರ್ ಎತ್ತಿಕೊಂಡು ಆಚೆ ಓಣಿಗೆ ಹೋದರು.

ಮೆಡಿಕಲ್ ಶಾಪಿನ ಮುಂದೆ ನಿಂತೆ. ಆಮೇಲೆ ಮೇಲೆ ಬಂದೆ.

"ತಂದ್ರೇನು?"

"ಇಲ್ಲ."

ಗೋಡೆ ಕಡೆ ತಿರುಗಿದಳು. ನಾನು ಹೊರಗೆ ಹೋಗುತ್ತಿದ್ದೆ. "ಹೋಗಬ್ಯಾಡ್ರಿ. ಇಲ್ಲೇ ಕೂಡ್ರಿ. ಏನೂ ಕೇಳಬ್ಯಾಡ್ರಿ," ಅಂದಳು.

ಕೂತೆ. ಮುಖದ ಬಣ್ಣ ತೊಳೆಯಲಿಲ್ಲ, ಒಣಗಿ ಚರ್ಮ ಎಳೆಯುತ್ತಿತ್ತು.

ಮಾರ್ಚ್ 29, ಶುಕ್ರವಾರ

ಬರೆಯುವಂಥದ್ದು ಏನೂ ಇಲ್ಲ. ಕೂತಿದ್ದೆ.

ಏಪ್ರಿಲ್ 2, ಮಂಗಳವಾರ

ಒಳಕೋಣೆ ಅಷ್ಟೇನೂ ಕತ್ತಲಲ್ಲ. ಕಣ್ಣು ಹೊಂದಿಕೊಂಡರೆ ಕಿಟಕಿಯ ಸಂದಿನಿಂದ ಒಂದು ಗೆರೆ ಬೆಳಕು ಬಂದು ಮಧ್ಯಾಹ್ನದೊಳಗೆ ಕಪಾಟಿನಿಂದ ಹಾಸಿಗೆಯ ಕಾಲಿನವರೆಗೆ ಸರಿಯುವುದು ಕಾಣುತ್ತದೆ. ಕಾಚಿಗೂಡ ರೈಲ್ವೆ ಸ್ಟೇಷನ್ನಿನ ಮೈಕು ಮೂರು ಭಾಷೆಯಲ್ಲಿ ಹೇಳುತ್ತದೆ, ಗಾಳಿ ಈ ಕಡೆ ಇದ್ದರೆ ಊರಿನ ಹೆಸರೂ ತಿಳಿಯುತ್ತದೆ. ನೋವು ಏರುವಾಗ ಭಾಗ್ಯಾಳ ಉಸಿರು ಸಣ್ಣಗಾಗುತ್ತದೆ, ಕಾಲಿನ ಹೆಬ್ಬೆರಳು ಮಡಿಚಿಕೊಳ್ಳುತ್ತದೆ. ಇಳಿಯುವಾಗ ಬೆರಳು ಬಿಚ್ಚುತ್ತದೆ, ಆಗ ಒಂದೆರಡು ಮಾತಾಡುತ್ತಾಳೆ.

ಇವತ್ತು ಅಂದಳು, "ನೋವು ಇದ್ದಾಗ ನನಗ ಭಾಳ ಕೆಟ್ಟ ಕೆಟ್ಟ ವಿಚಾರ ಬರ್ತಾವ್ರಿ. ಸತ್ರ ಛಲೋ ಅನಸ್ತೈತಿ. ಇಳದ ಮ್ಯಾಲೆ ನಾಚಿಕಿ ಬರ್ತೈತಿ."

"ಹೂಂ," ಅಂದೆ.

"ಹೇಳಬಾರದಿತ್ತೇನು?"

"ಹೇಳು," ಅಂದೆ. "ಬಂದಾಗೆಲ್ಲ ಹೇಳು. ರಾತ್ರಿ ಇದ್ರೂ ಎಬ್ಬಿಸು."

ಮತ್ತೆ ಹೇಳಿದಳು. ಎಲ್ಲ ಬರೆಯುವುದಿಲ್ಲ. ಆ ಡಾಕ್ಟರಮ್ಮನಿಗೂ ಇದನ್ನು ಹೇಳಬೇಕು ಅಂದೆ, ಹೂಂ ಅಂದಳು. ಗೆರೆ ಬೆಳಕು ಹಾಸಿಗೆ ದಾಟಿ ಗೋಡೆ ಏರುವವರೆಗೆ ಅಲ್ಲೇ ಇದ್ದೆ. ಫ್ಯಾಕ್ಟರಿಗೆ ರಜಾ ಹೇಳುವುದು ಮರೆತೇ ಹೋಯಿತು, ಲಿಂಗಣ್ಣ ಬಯ್ದ.

ಏಪ್ರಿಲ್ 9, ಮಂಗಳವಾರ

ಯುಗಾದಿ. ನಿನ್ನೆ ಡಾಕ್ಟರಮ್ಮನ ಹತ್ತಿರ ಹೋಗಿ ಬಂದೆವು. ಭಾಗ್ಯಾ ಒಳಗೆ ಒಬ್ಬಳೇ ಹೋಗಿ ಎಲ್ಲ ಹೇಳಿಕೊಂಡಳು. ಮಾತ್ರೆ ಸ್ವಲ್ಪ ಹೆಚ್ಚಿಸಿದ್ದಾರೆ.

ಇವತ್ತು ಎದ್ದು ಸ್ನಾನ ಮಾಡಿದಳು. ಹೋಳಿಗೆ ಬೇಡ ಅಂದೆ, ಅವಳೂ ಹಟ ಮಾಡಲಿಲ್ಲ. ನಾನು ಮಾಡಿದ ಬೇಳೆಸಾರಿಗೆ ಉಪ್ಪಿಲ್ಲ ಅಂತ ಬಯ್ದಳು. ಎಷ್ಟು ಉದ್ದಕ್ಕೆ ಬಯ್ದಳು! ಹಳೆಯ ಬಯ್ಗುಳವನ್ನೂ ಸೇರಿಸಿ.

ಲಿಂಗಣ್ಣ ಹಬ್ಬಕ್ಕೆ ಫೋನ್ ಮಾಡಿ, "ವೈನಿಗೆ ಹೆಂಗೈತಿ?" ಅಂದ. ನನಗೆ ಗೊತ್ತಿಲ್ಲ, ಅವಳನ್ನೇ ಕೇಳು ಅಂತ ಫೋನ್ ಅವಳ ಕೈಗೆ ಕೊಟ್ಟೆ. "ವಾರದಾಗ ಎರಡ್ಮೂರು ದಿನ ಬಿಡುವು ಕೊಡ್ತೈತಪ್ಪ," ಅಂದಳು.

ಹೌದೇನು? ನಾನು ಗಮನಿಸಿರಲಿಲ್ಲ.

ಏಪ್ರಿಲ್ 23, ಮಂಗಳವಾರ

ಇವತ್ತು ಶಾಲೆಯ ಕೊನೆ ದಿನ. ನಾಳೆಯಿಂದ ಬೇಸಿಗೆ ರಜೆ. ಗುಣವತಿ ಅವರಿಗೆ ಉತ್ತರ ಕೊಡಲಿಕ್ಕೆ ತಾನೇ ಹೋಗುತ್ತೇನೆ ಅಂದಳು ಭಾಗ್ಯಾ. ಶಾಲೆ ದೂರ ಇಲ್ಲ, ನಡೆದು ಹೋದಳು. ನಾನು ಬರುತ್ತೇನೆ ಅನ್ನಲಿಲ್ಲ, ಅವಳೂ ಕರೆಯಲಿಲ್ಲ. ಆದರೂ ಮಧ್ಯಾಹ್ನದ ಪಾಳಿಗೆ ಬದಲಿಸಿಕೊಂಡು ಮನೆಯಲ್ಲೇ ಇದ್ದೆ.

ಹನ್ನೊಂದರ ಸುಮಾರಿಗೆ ಗುಣವತಿ ಅವರ ಫೋನ್. "ಅವ್ರಿಗೆ ತಲೆನೋವು ಶುರುವಾಗಿದೆ, ಸ್ಟಾಫ್ ರೂಮಲ್ಲಿ ಮಲಗಿದ್ದಾರೆ, ನೀವು ಬಂದರೆ ಒಳ್ಳೇದು."

ಓಡಿದೆ. ಸ್ಟಾಫ್ ರೂಮಿನಲ್ಲಿ ಬೆಂಚಿನ ಮೇಲೆ ಸೆರಗು ಕಣ್ಣಿಗೆ ಹಾಕಿಕೊಂಡು ಮಲಗಿದ್ದಳು. ನನ್ನ ಕಾಲಿನ ಸಪ್ಪಳಕ್ಕೇ ತಿಳಿಯಿತೇನೋ, "ಯಾಕ ಬಂದ್ರಿ? ಇನ್ನ ಮುಗದಿಲ್ಲ," ಅಂದಳು. "ಮಕ್ಕಳಿಗೆ ಕಡೀ ತಾಸು ಐತಿ, ಹೋಗಿ ಬರ್ತೀನಿ ಅಂತ ಹೇಳೀನಿ. ನೋವೈತಿ, ಆದ್ರ ನಿಂದ್ರಾಕ ಬರ್ತೈತಿ."

ಬೇಡ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಗುಣವತಿ ಅವರು ನನ್ನ ಮುಖ ನೋಡುತ್ತಿದ್ದರು. ನಾನು ಹೊರಗೆ ಹೋಗಿ ಜಗಲಿಯ ಮೇಲೆ ಕೂತೆ.

ಗಂಟೆ ಹೊಡೆಯಿತು. ಕಿಟಕಿಯೊಳಗಿಂದ ಅವಳ ದನಿ ಕೇಳಿಸಿತು, ಮೊದಲಿನಷ್ಟು ಜೋರಿಲ್ಲ. ಏನೋ ಕೇಳಿದಳು, ಮಕ್ಕಳೆಲ್ಲ ಒಟ್ಟಿಗೆ ಉತ್ತರ ಹೇಳಿದರು, ಅವಳು "ಧೀರೇ, ಧೀರೇ ಬೋಲೋ," ಅಂದಳು. ಮಕ್ಕಳು ಪಿಸುಗುಟ್ಟಲಿಕ್ಕೆ ಶುರು ಮಾಡಿದರು. ಇಡೀ ತರಗತಿ ಪಿಸುದನಿಯಲ್ಲಿ ಹಿಂದಿ ಹೇಳುವುದನ್ನು ನಾನು ಇದೇ ಮೊದಲು ಕೇಳಿದ್ದು.

ಹೊರಗೆ ಬಂದಾಗ ಅವಳ ಮುಖ ಬಿಳಚಿಕೊಂಡಿತ್ತು, ಸೀರೆಗೆ ಸೀಮೆಸುಣ್ಣ. "ಜೂನಿಗೆ ಬರ್ತೀನಿ ಅಂದೆ. ಅರ್ಧ ದಿನ ಸಾಕು ಅಂದಾರ. ಆಗ್ಲಿಲ್ಲಂದ್ರ ಬಿಡ್ತೀನಿ ಅಂತನೂ ಹೇಳೀನಿ," ಅಂದಳು.

ಆಟೊ ಕರೆಯಲಿಕ್ಕೆ ಕೈ ಎತ್ತಿದೆ. "ಅದರ ಕುಲುಕಾಟ ಬ್ಯಾಡ್ರಿ, ನಡಕೊಂತ ಹೋಗೂಣು. ಈ ಬಿಸಲಾಗ ಕಣ್ಣು ತಗಿಯಾಕ ಬರೂದಿಲ್ಲ. ನಾ ಮುಚ್ಚಿರ್ತೀನಿ, ನೀವು ದಾರಿ ಹೇಳ್ರಿ."

ನನ್ನ ತೋಳು ಹಿಡಿದುಕೊಂಡಳು. ಹೇಳುತ್ತ ನಡೆದೆ. ಇಲ್ಲಿ ಗುಂಡಿ ಐತಿ. ಬೈಕ್ ನಿಂತಾವು, ಈ ಕಡೆ ಬಾ. ಕಲ್ಲಂಗಡಿ ಬಂಡಿ, ನೆಲ ಒದ್ದಿ ಐತಿ. ಲಾಡ್ಜಿನ ಮುಂದ ಮಂದಿ ಬ್ಯಾಗು ಇಟಗೊಂಡು ನಿಂತಾರ, ಸ್ವಲ್ಪ ತಡಿ. ಎದುರಿಂದ ಬಂದವರು ಅವಳನ್ನು ಕುರುಡಿ ಅಂದುಕೊಂಡು ದಾರಿ ಬಿಟ್ಟರು. ಒಬ್ಬ ಮುದುಕ ಕೊಡೆ ಮುಂದೆ ಚಾಚಿ ಬೇಕೇನಮ್ಮ ಅಂದ. ಬ್ಯಾಡ ಅಂದಳು, ನಕ್ಕಳು, ನಕ್ಕದ್ದಕ್ಕೆ ನೋವಾಗಿ ನಿಂತಳು, ಮತ್ತೆ ನಡೆದಳು.

"ಮನಿ ಬಂತ," ಅಂದೆ.

"ಗೊತ್ತೈತಿ."

ಬಾಗಿಲೊಳಗೆ ನೆರಳಿತ್ತು. ಕಣ್ಣು ತೆರೆಯಬಹುದಿತ್ತು. ಅವಳು ತೆರೆಯಲಿಲ್ಲ, ನನ್ನ ತೋಳನ್ನೂ ಬಿಡಲಿಲ್ಲ.

"ಮೆಟ್ಟಲಾನೂ ಹೇಳ್ರಿ," ಅಂದಳು.

ಎಷ್ಟೋ ವರ್ಷದಿಂದ ಅವಳು ಹತ್ತಿ ಇಳಿದ ಮೆಟ್ಟಿಲು. ಒಂದೊಂದನ್ನೂ ಹೇಳಿದೆ.